ಗೊಂಬೆಯಾಟವೂ ಮಕ್ಕಳ ಸಂಸ್ಕಾರವೂ : ಮೈಸೂರಿನಿಂದ ದ್ವಾರಕೆಯವರೆಗೆ

೧

ಮಹಾಭಾರತದ ವಿರಾಟಪರ್ವದಲ್ಲಿ ಗೋಗ್ರಹಣದ ಸಂದರ್ಭ. ಕೌರವಸೇನೆ ವಿರಾಟನ ಗೋವುಗಳನ್ನು ಸೆರೆಹಿಡಿದಿದೆ. ರಾಜಕುಮಾರನಾದ ಉತ್ತರನು ಬೃಹನ್ನಳೆಯನ್ನು ಸಾರಥಿಯನ್ನಾಗಿ ಮಾಡಿಕೊಂಡು ಯುದ್ಧಕ್ಕೆ ಹೊರಟು ನಿಂತಿದ್ದಾನೆ. ಆಗ ರಾಜಕುಮಾರಿ ಉತ್ತರೆಯೂ ಅವಳ ಗೆಳತಿಯರೂ ಬೃಹನ್ನಳೆಯಲ್ಲಿ ಬೇಡಿಕೊಳ್ಳುವುದು ಒಂದೇ ಒಂದು ವಸ್ತುವನ್ನು: ಭೀಷ್ಮ ದ್ರೋಣರೇ ಮೊದಲಾದವರನ್ನು ಗೆದ್ದ ಮೇಲೆ ಅವರು ಉಟ್ಟು ಹೊದೆದಿರುವ ನವುರಾದ ಬಣ್ಣದ ಬಟ್ಟೆಗಳನ್ನು ತಮ್ಮ ಗೊಂಬೆಗಳಿಗಾಗಿ ತಂದುಕೊಡಬೇಕು. ಸಮ್ಮೋಹನಾಸ್ತ್ರದಿಂದ ಶತ್ರುಗಳು ಮೈಮರೆತಾಗ ಅರ್ಜುನನು ಆ ಮಾತನ್ನು ನೆನೆಯುತ್ತಾನೆ. ದ್ರೋಣ ಕೃಪರ ಬಿಳಿಯ ವಸ್ತ್ರ, ಕರ್ಣನ ಹಳದಿ, ಅಶ್ವತ್ಥಾಮ ದುರ್ಯೋಧನರ ನೀಲಿ, ಇವೆಲ್ಲವನ್ನೂ ಉತ್ತರಕುಮಾರನಿಂದ ಬಿಚ್ಚಿ ತರಿಸುತ್ತಾನೆ. ಮಹಾರಥರ ಉತ್ತರೀಯಗಳು ಗೊಂಬೆಗಳ ಸೀರೆಯಾಗುತ್ತವೆ.

ಪ್ರಸಂಗ ವಿನೋದದ್ದು, ಆದರೆ ಅದರ ನೆರಳು ದೀರ್ಘವಾದುದು. ಇದೇ ಬಾಲಿಕೆ ಮುಂದೆ ಅಭಿಮನ್ಯುವಿನ ಕೈಹಿಡಿದು, ಇದೇ ವೀರರು ಸುತ್ತುಗಟ್ಟಿ ನಿಂತ ಚಕ್ರವ್ಯೂಹದಲ್ಲಿ ಪತಿಯನ್ನು ಕಳೆದುಕೊಳ್ಳುತ್ತಾಳೆ. ಗೊಂಬೆಗೆ ಬಟ್ಟೆಯನ್ನು ಬೇಡಿದಾಗ, ಆ ಬಟ್ಟೆಯೊಳಗೆ ಮನುಷ್ಯರಿದ್ದಾರೆಂಬ ಅರಿವು ಅವಳಿಗಿದ್ದಿತೆ? ಗೊಂಬೆಯಾಟ ಮಗುವಿಗೆ ಅನ್ಯರ ಸುಖದುಃಖಗಳನ್ನು ಅರಿಯುವ ಮನಸ್ಸನ್ನು ಕೊಡುತ್ತದೆಯೆ? ಕೊಡುವುದಾದರೆ ಅದು ಗೊಂಬೆಯ ಗುಣವೋ, ಗೊಂಬೆಯನ್ನು ಮಗುವಿನ ಕೈಗಿತ್ತ ಹಿರಿಯರ ಗುಣವೋ? ಊರು ಬಿಟ್ಟು ಬಂದು ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ.

ಗೊಂಬೆಯ ಪ್ರಾಚೀನತೆಯನ್ನು ಸಾಧಿಸಲು ಹೆಚ್ಚು ಶ್ರಮ ಬೇಕಿಲ್ಲ. ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸಿಂಧೂ ನಾಗರಿಕತೆಯ ಮಣ್ಣಿನ ಪುಟ್ಟ ಬಂಡಿಗಳನ್ನೂ ಪ್ರಾಣಿಗಳ ಆಟಿಕೆಗಳನ್ನೂ ಕಾಣಬಹುದು. ವಾತ್ಸ್ಯಾಯನನು ತನ್ನ ಗ್ರಂಥದಲ್ಲಿ ಬಾಲಿಕೆಯರ ಗೊಂಬೆಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ: ನೂಲಿನವು, ಮರದವು, ಕೊಂಬಿನವು, ದಂತದವು, ಮೇಣದವು, ಹಿಟ್ಟಿನವು, ಮಣ್ಣಿನವು. ಅರಮನೆಯ ದಂತದ ಗೊಂಬೆಯಿಂದ ಅಡಿಗೆಮನೆಯ ಹಿಟ್ಟಿನ ಗೊಂಬೆಯವರೆಗೆ ಹಬ್ಬಿದ ಈ ಪಟ್ಟಿ ಗೊಂಬೆಗೆ ಸಿರಿತನ ಬಡತನಗಳ ಭೇದವಿರಲಿಲ್ಲವೆಂಬುದನ್ನು ತಿಳಿಸುತ್ತದೆ. ಭೇದವಿದ್ದುದು ಗೊಂಬೆಯನ್ನು ಮಾಡಿದ ದ್ರವ್ಯದಲ್ಲಿ ಮಾತ್ರ.

೨

ಕನ್ನಡನಾಡಿನ ಗೊಂಬೆಹಬ್ಬ ನವರಾತ್ರಿಗೆ ಸೇರಿದುದು. ನವರಾತ್ರಿಯ ವೈಭವ ವಿಜಯನಗರದ ಮಹಾನವಮಿಗೆ ಸೇರಿದುದು. ೧೫೨೦ರ ಸುಮಾರಿನಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಆ ಒಂಬತ್ತು ದಿನಗಳ ಉತ್ಸವವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬೇಟೆ, ನರ್ತಕಿಯರು ಅಂತಸ್ತು ಅಂತಸ್ತಾಗಿ ಸಾಗುವುದನ್ನು ಇಂದಿಗೂ ನೋಡಬಹುದು. ಮನೆಯ ಗೊಂಬೆಮೆಟ್ಟಿಲು ಅದೇ ಮೆರವಣಿಗೆಯ ಪುಟ್ಟ ಪ್ರತಿರೂಪವೋ ಎಂಬಂತೆ ತೋರುತ್ತದೆ. ಆದರೆ ಸಾದೃಶ್ಯವನ್ನೇ ವಂಶಾವಳಿಯೆಂದು ಸಾರುವುದು ತರವಲ್ಲ.

ವಿಜಯನಗರದ ಪತನಾನಂತರ ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ೧೭೯೯ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅದು ಮೈಸೂರಿಗೆ ಬಂದಿತು. ಈ ಅರಸರು ಆಟಗಳನ್ನು ಗಂಭೀರವಾಗಿ ಪರಿಗಣಿಸಿದವರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂದು ನಿಧಿ ಆಟಗಳಿಗೇ ಮೀಸಲಾಗಿದೆ. ೧೮೯೭ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ೧೯೧೨ರಲ್ಲಿ ಪೂರ್ಣಗೊಂಡ ಹೊಸ ಅರಮನೆಯಲ್ಲಿಯೂ ‘ಗೊಂಬೆ ತೊಟ್ಟಿ’ ಎಂಬ ಪ್ರಾಂಗಣವಿದೆ. ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಆದಿಭಾಗದ ಗೊಂಬೆಗಳು ಅಲ್ಲಿ ಸಂಗ್ರಹಗೊಂಡಿವೆ. ಅರಸರ ಮನೆಯ ತೊಟ್ಟಿಯ ಒಂದು ಹಬ್ಬ ಹಳೆಯ ಮೈಸೂರು ಸೀಮೆಯ ಸಾಮಾನ್ಯ ಗೃಹಸ್ಥರ ನಡುಮನೆಯಲ್ಲಿಯೂ ನೆಲೆಗೊಂಡುದು ಹೀಗೆ.

ಆ ನಡುಮನೆಯ ಕ್ರಮವನ್ನು ಬಲ್ಲವರು ಬಲ್ಲರು. ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯ ಮೆಟ್ಟಿಲು. ಅದರ ಮೇಲೆ ಮಡಿಬಟ್ಟೆ. ಎತ್ತರದಲ್ಲಿ ಕಲಶ ಮತ್ತು ಪಟ್ಟದ ಗೊಂಬೆಗಳು. ರಾಜ ರಾಣಿಯರ ರೂಪದ ಈ ಮರದ ಜೋಡಿಯನ್ನು ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವುದು ಪದ್ಧತಿ. ಅವುಗಳಿಗೆ ಪ್ರತಿವರ್ಷವೂ ಹೊಸ ಬಟ್ಟೆ, ಮಣಿಸರ, ಪೇಟ. ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮನ ಪಟ್ಟಾಭಿಷೇಕ, ಅಂಬಾರಿ, ವಾದ್ಯದವರು, ಸಿಪಾಯಿಗಳು. ಎಲ್ಲಕ್ಕಿಂತ ಕೆಳಗೆ ಅಕ್ಕಿ ಬೇಳೆಗಳ ಅಂಗಡಿ ಹೂಡಿಕೊಂಡು ಕುಳಿತ ಶೆಟ್ಟಿ ಶೆಟ್ಟಿತಿಯರು. ನೆಲದ ಮೇಲೆ ರಾಗಿ ಮೊಳಕೆಯ ಹಸುರಿನಲ್ಲಿ ಉದ್ಯಾನ, ಕೆರೆ, ಕಾಡು. ಸಂಜೆ ಗೊಂಬೆಗೆ ಆರತಿ. ಗೊಂಬೆ ಕೂರಿಸಿದ್ದೀರಾ ಎಂದು ಕೇಳಿಕೊಂಡು ಬರುವ ನೆರೆಹೊರೆಯ ಮಕ್ಕಳಿಗೆ ಗೊಂಬೆ ಬಾಗಿನ. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನಾದರೂ ಮಲಗಿಸಿ, ಮರುದಿನ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವುದು.

ಇದರಲ್ಲಿ ಮಗು ಕಲಿಯುವುದೇನು? ಪುರಾಣಕಥೆಯನ್ನು ಕಲಿಯುತ್ತದೆ ಎಂಬುದು ವಾಡಿಕೆಯ ಉತ್ತರ. ಆ ಉತ್ತರ ಸುಳ್ಳಲ್ಲವಾದರೂ ಅರ್ಧಮಾತ್ರವಾದುದು. ಕಥೆಯನ್ನು ಪುಸ್ತಕವೂ ಕಲಿಸೀತು. ಗೊಂಬೆಹಬ್ಬ ಕಲಿಸುವುದು ಉಪಚಾರವನ್ನು. ಬಣ್ಣ ಅಳಿಯದಂತೆ ಹಿಡಿಯುವುದು, ಮುರಿದ ಕೈಯನ್ನು ಮರೆಮಾಡಿ ನಿಲ್ಲಿಸುವುದು, ಉಡಿಸುವುದು, ಮಲಗಿಸುವುದು, ಬಂದವರಿಗೆ ತನ್ನ ಪಾಲಿನ ತಿಂಡಿಯನ್ನು ತಾನೇ ಕೊಡುವುದು: ವರ್ಷವೆಲ್ಲ ಆರೈಕೆಗೆ ಒಳಗಾಗಿರುವ ಮಗು ಆ ಹತ್ತು ದಿನ ತಾನೇ ಆರೈಕೆ ಮಾಡುವ ಸ್ಥಾನದಲ್ಲಿ ನಿಲ್ಲುತ್ತದೆ. ಹೀಗೆ ಸ್ಥಾನವನ್ನು ಬದಲಿಸಿ ನೋಡುವುದೇ ಸಹಾನುಭೂತಿಯ ಮೊದಲ ಪಾಠ.

ಆದರೆ ಮೆಟ್ಟಿಲು ಇನ್ನೊಂದನ್ನೂ ಕಲಿಸುತ್ತದೆ. ಯಾರು ಮೇಲೆ, ಯಾರು ಕೆಳಗೆ ಎಂಬ ಶ್ರೇಣಿಯನ್ನು ಅದು ಮಾತಿಲ್ಲದೆಯೇ ಮಗುವಿನ ಕಣ್ಣಿಗೆ ಅಭ್ಯಾಸ ಮಾಡಿಸುತ್ತದೆ. ಎಲ್ಲ ಮನೆಗಳಲ್ಲಿಯೂ ಗೊಂಬೆ ಕೂರಿಸುತ್ತಿರಲಿಲ್ಲ. ಎಲ್ಲ ಮನೆಯ ಮಕ್ಕಳಿಗೂ ಕೂರಿಸಿದ ಮನೆಯ ಒಳಗೆ ಪ್ರವೇಶವೂ ಇರಲಿಲ್ಲ. ಸಂಸ್ಕೃತಿಯನ್ನು ಹೊಗಳುವ ಉತ್ಸಾಹದಲ್ಲಿ ಈ ಮಾತನ್ನು ಬಚ್ಚಿಡುವುದು ಇತಿಹಾಸಕ್ಕೆ ಅಪಚಾರ.

೩

ಮೈಸೂರು ಸೀಮೆಯ ಪಟ್ಟದ ಗೊಂಬೆಯೊಂದೇ ಕನ್ನಡದ ಗೊಂಬೆಯಲ್ಲ. ಉತ್ತರ ಕರ್ನಾಟಕದಲ್ಲಿ ಮುಂಗಾರಿನೊಡನೆ ಮಣ್ಣಿನ ಗೊಂಬೆಗಳ ಸಾಲೇ ಆರಂಭವಾಗುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು; ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಾಡಿ ಗುಲಗಂಜಿಯಿಂದ ಸಿಂಗರಿಸುವ ಗುಳ್ಳವ್ವ; ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಇವು ಪೆಟ್ಟಿಗೆಗೆ ಹೋಗುವ ಗೊಂಬೆಗಳಲ್ಲ. ಮಣ್ಣಿನಿಂದ ಬಂದು ಮಣ್ಣಿಗೇ ಸೇರತಕ್ಕವು. ಪಟ್ಟದ ಗೊಂಬೆ ತಾಯಿಯಿಂದ ಮಗಳಿಗೆ ಬರುವ ನಿರಂತರತೆಯನ್ನು ಕಲಿಸಿದರೆ, ಗುಳ್ಳವ್ವ ತನ್ನ ಕೈಯಿಂದಲೇ ಮಾಡಿ ಪ್ರೀತಿಸಿದ್ದನ್ನು ಕಳುಹಿಸಿಕೊಡುವ ಅಗಲಿಕೆಯನ್ನು ಕಲಿಸುತ್ತಾಳೆ. ಮಣ್ಣೆತ್ತನ್ನು ಮಾಡುವ ಒಕ್ಕಲಿಗರ ಮಗು ತನ್ನ ಮನೆಯ ಅನ್ನಕ್ಕೆ ದುಡಿಯುವ ಮೂಕಪ್ರಾಣಿಯ ಕೊರಳು, ಹಿಣಿಲು, ಕೊಂಬುಗಳನ್ನು ಬೆರಳಿನಲ್ಲಿ ತಿದ್ದುತ್ತ ಅದರ ಶರೀರವನ್ನು ಅರಿಯುತ್ತದೆ. ಎರಡೂ ಪಾಠಗಳು ಬಾಳಿಗೆ ಬೇಕಾದವೇ.

ಗೊಂಬೆಯನ್ನು ಮಾಡಿದ ಕೈಗಳನ್ನು ಮರೆತು ಗೊಂಬೆಯ ಚರಿತ್ರೆಯನ್ನು ಬರೆಯಲಾಗದು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳಿವೆ. ವಿಜಯನಗರದ ಕಾಲದೊಡನೆ ತಮ್ಮ ಸಂಬಂಧವನ್ನು ಹೇಳಿಕೊಳ್ಳುವ ಪರಂಪರೆ ಅವರದು. ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ನೆನೆಸಿ ಪುಡಿಮಾಡಿದ ಗೋಣಿಯ ಚಿಂದಿಗೆ ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟನ್ನೂ ಬೆರೆಸಿದ ‘ಕಿಟ್ಟ’ವನ್ನು ಸಂದುಗಳಿಗೆ ಮೆತ್ತಿ, ಅದರ ಮೇಲೆ ಬಣ್ಣ ಕಟ್ಟುವುದು ಅವರ ಕ್ರಮ. ಚನ್ನಪಟ್ಟಣದಲ್ಲಿ ಬಿಳುಪಾದ ಹಾಲೆಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಜನ ಈ ಕಸುಬಿನ ಮೂಲವನ್ನು ಟಿಪ್ಪುಸುಲ್ತಾನನ ಆಶ್ರಯಕ್ಕೆ ಹೊಂದಿಸಿ ಹೇಳುತ್ತಾರೆ. ಈ ಎರಡು ಊರುಗಳ ಕಸುಬಿಗೂ ಈ ಶತಮಾನದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಇಲ್ಲೊಂದು ಗಮನಾರ್ಹವಾದ ಸಂಗತಿಯಿದೆ. ಚನ್ನಪಟ್ಟಣದ ಕುಶಲಕರ್ಮಿಗಳಲ್ಲಿ ಅನೇಕರು ಮುಸಲ್ಮಾನರು. ಅವರ ಚರಕಿಯಿಂದ ಬಂದ ಗೊಂಬೆ ಹಿಂದೂ ಗೃಹಸ್ಥನ ನವರಾತ್ರಿಯ ಮೆಟ್ಟಿಲನ್ನು ಏರಿ ಆರತಿಯನ್ನು ಸ್ವೀಕರಿಸಿದೆ. ಗೊಂಬೆಯನ್ನು ಕೊಂಡು ತಂದ ಮನೆಯಲ್ಲಿ ಅದರ ಕಥೆಯನ್ನು ಹೇಳುವವರು ಅದನ್ನು ತಿರುಗಿಸಿದವನ ಕಥೆಯನ್ನೂ ಹೇಳಿದರೆ, ಮಗುವಿಗೆ ಪುರಾಣದ ಜೊತೆಗೆ ನಾಡೂ ದೊರೆತೀತು.

೪

ದೆಹಲಿಗೂ ಗೊಂಬೆಗೂ ಇರುವ ನಂಟು ಹಿರಿದು. ವ್ಯಂಗ್ಯಚಿತ್ರಕಾರ ಕೆ. ಶಂಕರ ಪಿಳ್ಳೆಯವರು (೧೯೦೨–೧೯೮೯) ಏರ್ಪಡಿಸುತ್ತಿದ್ದ ಮಕ್ಕಳ ಸ್ಪರ್ಧೆಗೆ ಬಹುಮಾನವಾಗಿ ಹಂಗೆರಿಯ ರಾಯಭಾರಿ ಒಂದು ಗೊಂಬೆಯನ್ನು ಕೊಟ್ಟರು. ಅದರ ಚೆಲುವಿಗೆ ಮಾರುಹೋದ ಶಂಕರರು ಆ ಬಳಿಕ ದೇಶದೇಶಗಳಿಂದ ಗೊಂಬೆಗಳನ್ನು ಕೂಡಹಾಕತೊಡಗಿದರು. ಆ ಸಂಗ್ರಹವೇ ೧೯೬೫ರ ನವೆಂಬರ್ ೩೦ರಂದು ಬಹಾದೂರ್ ಷಾ ಜಫರ್ ಮಾರ್ಗದ ನೆಹರೂ ಭವನದಲ್ಲಿ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯವಾಯಿತು. ಸುಮಾರು ಸಾವಿರ ಗೊಂಬೆಗಳಿಂದ ಆರಂಭವಾದ ಸಂಗ್ರಹ ಬೆಳೆದು, ಸುಮಾರು ೮೫ ದೇಶಗಳ ಆರು ಸಾವಿರಕ್ಕೂ ಮಿಕ್ಕ ಗೊಂಬೆಗಳನ್ನು ಒಳಗೊಂಡಿತು. ಅಲ್ಲಿಯ ಕಾರ್ಯಾಗಾರದಲ್ಲಿ ಭಾರತದ ವಿವಿಧ ಪ್ರಾಂತಗಳ ಉಡುಗೆತೊಡುಗೆಯ ಗೊಂಬೆಗಳನ್ನು ತಯಾರಿಸಿ, ವಿದೇಶದ ಗೊಂಬೆಗಳಿಗೆ ಪ್ರತಿಯಾಗಿ ಕಳುಹಿಸುತ್ತಿದ್ದರು. ಗಾಜಿನ ಹಿಂದಿನ ಈ ಗೊಂಬೆಗಳನ್ನು ಮಗು ಮುಟ್ಟುವಂತಿಲ್ಲ. ಆದರೂ ತನ್ನಂತೆಯೇ ಗೊಂಬೆಯಾಡುವ ಮಗು ಎಲ್ಲ ದೇಶದಲ್ಲಿಯೂ ಇದೆಯೆಂಬ ತಿಳಿವಳಿಕೆಯನ್ನು ಅದು ಅಲ್ಲಿ ಪಡೆಯಬಹುದು.

ದ್ವಾರಕೆಯ ಕಥೆ ಇದಕ್ಕಿಂತ ಈಚಿನದು. ದೆಹಲಿಯ ನೈಋತ್ಯಕ್ಕೆ, ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಮೊದಲು ಪಪ್ಪನ್ ಕಲಾಂ ಎಂಬ ಹೆಸರಿನಲ್ಲಿ ಯೋಜಿಸಿದ ಉಪನಗರವಿದು. ಸೆಕ್ಟರುಗಳಾಗಿ ವಿಂಗಡವಾದ ಈ ನೆಲದಲ್ಲಿ ಸಹಕಾರಿ ಗೃಹನಿರ್ಮಾಣ ಸಂಘಗಳ ಬಹುಮಹಡಿ ಕಟ್ಟಡಗಳು ಎದ್ದವು; ೨೦೦೫ರ ಡಿಸೆಂಬರ್ ೩೧ರಂದು ಮೆಟ್ರೋ ರೈಲು ಬಂದಿತು. ಸರ್ಕಾರಿ ನೌಕರಿ, ಸೈನ್ಯ, ಬ್ಯಾಂಕು, ವಿಮಾನನಿಲ್ದಾಣ, ಗುರುಗ್ರಾಮದ ಕಚೇರಿಗಳು ಇವನ್ನು ನೆಚ್ಚಿ ಬಂದ ನಾನಾ ಭಾಷೆಯ ಕುಟುಂಬಗಳ ನಡುವೆ ಕನ್ನಡ ಕುಟುಂಬಗಳೂ ಇಲ್ಲಿ ಚದುರಿಕೊಂಡಿವೆ. ಲೋದಿ ಎಸ್ಟೇಟಿನ ಕನ್ನಡ ಶಾಲೆಯಾಗಲಿ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘವಾಗಲಿ ಇಲ್ಲಿಯ ಮಗುವಿಗೆ ನೆರೆಮನೆಯಲ್ಲ. ಅಂತಹ ಮನೆಯಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯೊಂದರಲ್ಲಿ ತವರಿನ ಪಟ್ಟದ ಗೊಂಬೆಗಳಿದ್ದರೆ, ಆ ಪೆಟ್ಟಿಗೆಯನ್ನು ತೆರೆಯುವ ದಿನ ಸಣ್ಣದೊಂದು ಕರ್ನಾಟಕವೂ ತೆರೆದುಕೊಂಡಂತೆ.

ಪೆಟ್ಟಿಗೆಯಿಂದ ಹೊರಬರುವುದು ಗೊಂಬೆಯೊಂದೇ ಅಲ್ಲ, ಭಾಷೆಯೂ ಹೊರಬರುತ್ತದೆ. ಪೇಟ, ಅಂಬಾರಿ, ತೊಟ್ಟಿ, ಕಲಶ, ಬಾಗಿನ, ಚರ್ಪು, ಮೊಳಕೆ: ಈ ಮಾತುಗಳಿಗೆ ದ್ವಾರಕೆಯ ಶಾಲೆಯಲ್ಲಾಗಲಿ ಮೈದಾನದಲ್ಲಾಗಲಿ ಪ್ರಸಕ್ತಿಯಿಲ್ಲ. ನಿಘಂಟಿನಿಂದ ಮಗು ಅವನ್ನು ಕಲಿಯದು. ಹಿಡಿದುಕೋ, ಮೆಲ್ಲಗೆ, ಪಕ್ಕಕ್ಕೆ ಸರಿಸು, ಅವಳಿಗೆ ಚಳಿಯಾದೀತು ಹೊದಿಸು ಎಂದು ಅಜ್ಜಿಯೋ ತಾಯಿಯೋ ಆಡುವ ಮಾತಿನಲ್ಲಿ ವಸ್ತುವೂ ಹೆಸರೂ ಕರುಣೆಯೂ ಒಟ್ಟಿಗೇ ಮಗುವಿನೊಳಕ್ಕೆ ಇಳಿಯುತ್ತವೆ. ಪರನಾಡಿನಲ್ಲಿ ಮಾತೃಭಾಷೆ ಉಪದೇಶದ ಭಾಷೆಯಾಗಿ ಉಳಿಯುವುದಿಲ್ಲ. ಆಟದ ಭಾಷೆಯಾದರೆ ಮಾತ್ರ ಉಳಿಯುತ್ತದೆ.

ಇನ್ನು ದ್ವಾರಕೆಯು ಬರಿಯ ಬಯಲಿನ ಮೇಲೆ ಎದ್ದ ಊರಲ್ಲ. ಪಾಲಂ, ಕಕ್ರೋಲಾ, ಮಟಿಯಾಲಾ, ಪೋಚನ್‌ಪುರ, ಬಾಗ್ಡೋಲಾ ಮೊದಲಾದ ಹಳ್ಳಿಗಳ ನೆಲದಲ್ಲಿಯೂ ನೆರೆಯಲ್ಲಿಯೂ ಅದು ಬೆಳೆದಿದೆ. ಹರಿಯಾಣಾ ಸೀಮೆಯ ಹಳ್ಳಿಗಳಲ್ಲಿ ನವರಾತ್ರಿಯಲ್ಲಿಯೇ ಹೆಣ್ಣುಮಕ್ಕಳು ಮಣ್ಣಿನ ನಕ್ಷತ್ರ, ಮುಖ, ಆಭರಣಗಳನ್ನು ಮಾಡಿ, ಒಣಗಿಸಿ, ಬಣ್ಣ ಹಚ್ಚಿ ಗೋಡೆಗೆ ಮೆತ್ತಿ ‘ಸಾಂಝೀ’ಯನ್ನು ರೂಪಿಸುತ್ತಾರೆ, ಸಂಜೆ ಹಾಡಿ, ಆರತಿಯೆತ್ತಿ, ದಸರೆಯಂದು ಕೊಳಕ್ಕೆ ಬಿಡುತ್ತಾರೆ. ಗುಳ್ಳವ್ವನ ಮಣ್ಣು, ಪಟ್ಟದ ಗೊಂಬೆಯ ಕಾಲ: ಇವೆರಡೂ ಸಾಂಝೀಯಲ್ಲಿ ಕೂಡಿಕೊಂಡಿವೆ. ತಮಿಳರ ಕೊಲು, ತೆಲುಗರ ಬೊಮ್ಮಲ ಕೊಲುವುಗಳಂತೂ ಕನ್ನಡದ ಗೊಂಬೆಹಬ್ಬಕ್ಕೆ ಒಡಹುಟ್ಟುಗಳೇ. ಅದೇ ಕಾಲದಲ್ಲಿ ದ್ವಾರಕೆಯ ಮೈದಾನದಲ್ಲಿ ರಾಮಲೀಲೆ ನಡೆದು, ವಿಜಯದಶಮಿಯ ಸಂಜೆ ರಾವಣನ ಬೃಹದಾಕಾರದ ಬೊಂಬೆಯನ್ನು ಸುಡುತ್ತಾರೆ. ೨೦೧೯ರಲ್ಲಿ ಮತ್ತು ೨೦೨೩ರಲ್ಲಿ ಹತ್ತನೆಯ ಸೆಕ್ಟರಿನ ಈ ಉತ್ಸವಕ್ಕೆ ದೇಶದ ಪ್ರಧಾನಿಯೇ ಬಂದಿದ್ದರು.

ಹೀಗೆ ದ್ವಾರಕೆಯ ಕನ್ನಡ ಮಗು ಒಂದೇ ಸಂಜೆಯಲ್ಲಿ ಎರಡು ಬೊಂಬೆಗಳನ್ನು ಕಾಣುತ್ತದೆ: ಮೈದಾನದಲ್ಲಿ ಜಯಘೋಷದ ನಡುವೆ ಉರಿಯುವ ಬೊಂಬೆ, ಮನೆಯಲ್ಲಿ ಮೆಲುದನಿಯಲ್ಲಿ ಮಲಗಿಸಲ್ಪಡುವ ಬೊಂಬೆ. ಒಂದು ಅಧರ್ಮದ ನಾಶವನ್ನು ಹೇಳುತ್ತದೆ, ಇನ್ನೊಂದು ಆರೈಕೆಯನ್ನು ಹೇಳುತ್ತದೆ. ಎರಡನ್ನೂ ಕಂಡ ಮಗು, ರಾವಣನಿಗೆ ನೋವಾಗುವುದಿಲ್ಲವೆ ಎಂದು ಕೇಳಿದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಲಾಗದು. ರಾವಣನನ್ನು ದುರಂತನಾಯಕನನ್ನಾಗಿ ಕಂಡ ನಾಗಚಂದ್ರನ ನಾಡಿನವರಿಗೆ ಆ ಪ್ರಶ್ನೆ ಹೊಸದಾಗಬೇಕಾಗಿಲ್ಲ.

೫

ಗೊಂಬೆ ತಾನಾಗಿಯೇ ಕರುಣೆಯನ್ನು ಕಲಿಸುತ್ತದೆಯೆಂಬುದಕ್ಕೆ ಲೋಕದ ಅನುಭವ ವಿರುದ್ಧವಾಗಿದೆ. ಉತ್ತರಪ್ರದೇಶದ ಕೆಲವು ಭಾಗಗಳಲ್ಲಿ ನಾಗಪಂಚಮಿಯಂದು ಹೆಣ್ಣುಮಕ್ಕಳು ಮಾಡಿ ಎಸೆದ ಬಟ್ಟೆಯ ಗೊಂಬೆಗಳನ್ನು ಹುಡುಗರು ಕೋಲಿನಿಂದ ಹೊಡೆಯುವ ಆಚಾರವಿದೆ. ಅಮೆರಿಕೆಯಲ್ಲಿ ೧೯೪೦ರ ದಶಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ದಂಪತಿಗಳು, ಬಣ್ಣವೊಂದನ್ನುಳಿದು ಮತ್ತೆಲ್ಲದರಲ್ಲಿಯೂ ಸಮಾನವಾದ ಗೊಂಬೆಗಳನ್ನು ಕರಿಯ ಮಕ್ಕಳ ಮುಂದಿಟ್ಟು ವಿಚಾರಿಸಿದರು. ಬಹುಮಂದಿ ಮಕ್ಕಳು ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದರು. ಶಾಲೆಗಳಲ್ಲಿ ವರ್ಣಭೇದವನ್ನು ಅಸಿಂಧುವೆಂದು ಸಾರಿದ ೧೯೫೪ರ ಪರಮೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಈ ಸಂಶೋಧನೆಯ ಉಲ್ಲೇಖವಿದೆ. ಹಿರಿಯರ ಸಮಾಜದ ತಾರತಮ್ಯವನ್ನು ಮಗು ಗೊಂಬೆಯ ಮುಖದಲ್ಲಿಯೇ ಓದಿಬಿಡುತ್ತದೆ. ಹೊಂಗೂದಲಿನ ಗುಲಾಬಿ ಬಣ್ಣದ ಗೊಂಬೆಯನ್ನೇ ಚೆಲುವಿನ ಮಾದರಿಯೆಂದು ಕೊಂಡುಕೊಡುವವರು ಇದನ್ನು ನೆನೆಯಬೇಕು.

ಜಪಾನಿನ ವೃತ್ತಾಂತ ಇನ್ನೂ ಬೋಧಪ್ರದವಾದುದು. ಅಲ್ಲಿ ಮಾರ್ಚ್ ೩ರಂದು ನಡೆಯುವ ಹಿನಾಮತ್ಸುರಿಯಲ್ಲಿ ಚಕ್ರವರ್ತಿ ದಂಪತಿಗಳ ಗೊಂಬೆಯನ್ನು ಮೇಲಿನ ಮೆಟ್ಟಿಲಿನಲ್ಲಿ ಕೂರಿಸುವುದನ್ನು ಕಂಡ ಮೈಸೂರಿನವನಿಗೆ ತನ್ನ ಮನೆಯ ನೆನಪಾಗದಿರದು. ೧೯೨೪ರಲ್ಲಿ ಅಮೆರಿಕೆಯು ಜಪಾನೀಯರ ವಲಸೆಗೆ ಬಾಗಿಲು ಮುಚ್ಚಿದಾಗ, ಜಪಾನಿನಲ್ಲಿ ಬಹುಕಾಲ ಪಾದ್ರಿಯಾಗಿದ್ದ ಸಿಡ್ನಿ ಗ್ಯುಲಿಕ್ ಎಂಬಾತನು ಉಭಯ ದೇಶಗಳ ಮಕ್ಕಳನ್ನಾದರೂ ಸ್ನೇಹಿತರನ್ನಾಗಿಸಬೇಕೆಂದು ೧೯೨೭ರಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕ ಗೊಂಬೆಗಳನ್ನು ಅಲ್ಲಿಯ ಶಾಲೆಗಳಿಗೆ ಕಳುಹಿಸುವ ಏರ್ಪಾಡು ಮಾಡಿದನು. ಜಪಾನ್ ೫೮ ದೊಡ್ಡ ಗೊಂಬೆಗಳನ್ನು ಪ್ರತಿಯಾಗಿ ಕಳುಹಿಸಿತು. ಎರಡನೆಯ ಮಹಾಯುದ್ಧ ಬಂದಾಗ, ಮಕ್ಕಳು ಅತಿಥಿಗಳೆಂದು ಸ್ವಾಗತಿಸಿದ್ದ ಆ ಗೊಂಬೆಗಳೇ ಶತ್ರುಗಳೆನಿಸಿ ಬಹುಪಾಲು ನಾಶವಾದವು. ಕೆಲವು ಉಪಾಧ್ಯಾಯರು ಮಾತ್ರ ಗೊಂಬೆಗೇನು ವೈರವೆಂದು ಬಗೆದು ಗುಟ್ಟಾಗಿ ಬಚ್ಚಿಟ್ಟರು. ಹೀಗೆ ಉಳಿದವು ಮುನ್ನೂರರಷ್ಟು. ಗೊಂಬೆ ಯುದ್ಧವನ್ನು ತಡೆಯಲಿಲ್ಲ, ನಿಜ. ಆದರೆ ಬಚ್ಚಿಟ್ಟ ಆ ಕೈಗಳು ಏನನ್ನು ಕಲಿತಿದ್ದವೆಂಬುದಕ್ಕೆ ಉಳಿದ ಗೊಂಬೆಗಳೇ ಸಾಕ್ಷಿ.

ಆಧುನಿಕ ವಿಜ್ಞಾನವೂ ಈ ವಿಷಯವನ್ನು ಮುಟ್ಟಿದೆ. ೨೦೨೦ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ನಾಲ್ಕರಿಂದ ಎಂಟು ವರ್ಷದ ೩೩ ಮಕ್ಕಳ ಮೆದುಳಿನ ವ್ಯಾಪಾರವನ್ನು ಆಟದ ವೇಳೆಯಲ್ಲಿಯೇ ಅಳೆದು ನೋಡಿದರು. ಒಂಟಿಯಾಗಿ ಗೊಂಬೆಯಾಡುವಾಗ, ಅನ್ಯರ ಮನಸ್ಸನ್ನು ಅರಿಯುವುದಕ್ಕೆ ಸಂಬಂಧಿಸಿದ ಭಾಗವು, ಒಂಟಿಯಾಗಿ ಟ್ಯಾಬ್ಲೆಟ್ಟಿನಲ್ಲಿ ಆಡುವಾಗಿಗಿಂತ ಹೆಚ್ಚು ಚುರುಕಾಗಿದ್ದಿತೆಂದು ಪ್ರಕಟಿಸಿದರು. ಈ ಸಂಶೋಧನೆಗೆ ಹಣವನ್ನೊದಗಿಸಿದ್ದುದು ಗೊಂಬೆಗಳನ್ನು ಮಾರುವ ಕಂಪನಿಯೇ ಆದುದರಿಂದಲೂ, ಪರೀಕ್ಷೆಗೊಳಗಾದ ಮಕ್ಕಳ ಸಂಖ್ಯೆ ಕಡಿಮೆಯಾದುದರಿಂದಲೂ ಅದನ್ನು ಅಂತಿಮ ತೀರ್ಪೆಂದು ಭಾವಿಸಬೇಕಾಗಿಲ್ಲ. ಆದರೂ ಮೂಕವಸ್ತುವಿಗೆ ಮಾತನ್ನೂ ಮನಸ್ಸನ್ನೂ ಮಗುವೇ ತುಂಬಬೇಕಾಗುತ್ತದೆಯೆಂಬ, ಅಜ್ಜಿಯರು ಮೊದಲೇ ಬಲ್ಲ ಮಾತಿಗೆ ಅದು ಅನುಗುಣವಾಗಿದೆ.

೬

ಇಷ್ಟು ಪರಾಮರ್ಶೆಯಿಂದ ಫಲಿಸುವುದಿಷ್ಟು. ಗೊಂಬೆ ಒಂದು ಪಾತ್ರೆ. ಅದರಲ್ಲಿ ಶ್ರೇಣಿಯನ್ನೂ ತುಂಬಬಹುದು, ದ್ವೇಷವನ್ನೂ ತುಂಬಬಹುದು, ಕರುಣೆಯನ್ನೂ ತುಂಬಬಹುದು. ಕನ್ನಡದ ಗೊಂಬೆಹಬ್ಬದ ಸತ್ತ್ವವಿರುವುದು ಪ್ರದರ್ಶನದ ವೈಭವದಲ್ಲಲ್ಲ. ಮಗುವಿನ ಕೈಗೆ ಗೊಂಬೆಯನ್ನು ಕೊಡುವ ವಿಶ್ವಾಸದಲ್ಲಿ, ಅದರ ಕಥೆಯನ್ನು ಹೇಳುವ ಬಾಯಲ್ಲಿ, ಬಾಗಿಲಿಗೆ ಬಂದ ಯಾವ ಮಗುವಿಗೂ ಬಾಗಿನವನ್ನು ಕೊಡುವ ಔದಾರ್ಯದಲ್ಲಿ. ಹಳೆಯ ಊರಿನಲ್ಲಿ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ದ್ವಾರಕೆಯ ಮೂರನೆಯ ಮಹಡಿಯ ಬಾಗಿಲಿಗೆ ಬರುವ ಮಗು ಜಾಟರದೋ, ಬಂಗಾಳಿಯದೋ, ಮಲೆಯಾಳಿಯದೋ, ಕಾವಲುಗಾರನದೋ, ಯಾರದಾದರೂ ಆಗಿರಬಹುದು. ಪರನಾಡಿನ ವಾಸವು ಕನ್ನಡಿಗನಿಗೆ ಒಡ್ಡಿರುವ ನಷ್ಟಗಳ ನಡುವೆ ಇದೊಂದು ಲಾಭ: ಹಬ್ಬದ ಒಳ್ಳೆಯ ಭಾಗವನ್ನು ಉಳಿಸಿಕೊಂಡು ಅದರ ಕಟ್ಟನ್ನು ಸಡಿಲಿಸುವ ಅವಕಾಶ.

ಸಂಘಸಂಸ್ಥೆಗಳ ಮುಂದೆ ಒಂದು ಕಾರ್ಯವೂ ಇದೆ. ದೆಹಲಿಯ ಕನ್ನಡ ಮನೆಗಳಲ್ಲಿರುವ ಹಳೆಯ ಗೊಂಬೆಗಳನ್ನು, ಯಾವ ಊರಿನದು, ಯಾರ ಮದುವೆಯಲ್ಲಿ ಬಂದುದು, ಯಾವ ಮರದ್ದು, ಎಲ್ಲಿಯ ಕೆಲಸದವರದು ಎಂಬ ವಿವರಗಳೊಡನೆ ಪಟ್ಟಿ ಮಾಡಬೇಕು. ಅಟ್ಟದ ಪೆಟ್ಟಿಗೆಗಳನ್ನು ಬಲ್ಲ ಹಿರಿಯ ಗೃಹಿಣಿಯರು ಇರುವಾಗಲೇ ಈ ಕೆಲಸ ಆಗತಕ್ಕದ್ದು. ಅವರು ಹೋದ ಮೇಲೆ ಗೊಂಬೆ ಉಳಿದೀತು. ಅದರ ಹೆಸರು, ಅದನ್ನು ಕೊಟ್ಟವರ ಹೆಸರು, ಅದಕ್ಕೆ ಮೊದಲು ಉಡಿಸಿದ ಸೀರೆಯ ಬಣ್ಣ ಇವು ಉಳಿಯುವುದಿಲ್ಲ. ಪಟ್ಟಿ ಮಾಡುವ ಕೆಲಸಕ್ಕೆ ಮಕ್ಕಳನ್ನೇ ಹಚ್ಚಿದರೆ ಮತ್ತೂ ಲೇಸು. ಕೇಳಬೇಕಾದ ಪ್ರಶ್ನೆಗಳು ಅವರಿಗೆ ತಾವಾಗಿಯೇ ಹೊಳೆಯುತ್ತವೆ.